ಓಡದ ಬಸ್ಸಿನ ಚರಿತ್ರೆ

ಏಪ್ರಿಲ್ 12, 2025, ಶನಿವಾರ

ಬೇಸಿಗೆ ರಜೆ ಶುರುವಾಗಿ ಎರಡು ದಿನ. ಇನ್ನು ಒಂದೂವರೆ ತಿಂಗಳು ಯಾರ ಕಾಗುಣಿತವನ್ನೂ ತಿದ್ದುವುದಿಲ್ಲ ಎಂದು ನಿರ್ಧರಿಸಿದ್ದೆ. ಅಷ್ಟರಲ್ಲಿ ಪ್ರಖ್ಯಾತ್ ಶೆಟ್ಟಿ ಸಿಹಿತಿಂಡಿಯ ಪೊಟ್ಟಣ ಹಿಡಿದುಕೊಂಡು ಉದ್ಯಾವರದ ನಮ್ಮ ಜಗಲಿ ಹತ್ತಿದ. ಶೆಟ್ರ ಮನೆಯವರು ನಮ್ಮಲ್ಲಿಗೆ ಸಿಹಿ ತಂದದ್ದು ಇದು ಎರಡನೆಯ ಸಲ. ಮೊದಲ ಸಲ, 1987ರಲ್ಲಿ, ಇವನ ಅಜ್ಜ ಕರುಣಾಕರ ಶೆಟ್ರು ತಂದಿದ್ದರು. ಅದನ್ನು ತಿಂದ ನನ್ನ ಅಪ್ಪ ಬೊಂಬಾಯಿಯಲ್ಲಿ ಇಪ್ಪತ್ನಾಲ್ಕು ವರ್ಷ ಡಬಲ್ ಡೆಕ್ಕರ್ ಬಸ್ಸು ಓಡಿಸಿದ ಕೆಲಸ ಬಿಟ್ಟು ಊರಿಗೆ ಬಂದರು. ಆದ್ದರಿಂದ ಇವತ್ತು ನಾನು ಪೊಟ್ಟಣ ಬಿಚ್ಚಲಿಲ್ಲ.

ಕಾಪುವಿನಲ್ಲಿ ಹೆದ್ದಾರಿಯ ಬದಿಗೆ ಶೆಟ್ರ ಜಾಗವಿದೆ. ಅಲ್ಲಿ ಅವರ ಹಳೆಯ ಕೆಂಪು ಡಬಲ್ ಡೆಕ್ಕರ್ ಮೂವತ್ತೆಂಟು ವರ್ಷದಿಂದ ನಿಂತಿದೆ. ಮೊಮ್ಮಗನಿಗೆ ಈಗ ಅಲ್ಲಿ ಮದುವೆ ಹಾಲ್ ಕಟ್ಟಬೇಕಂತೆ. ಜೂನ್ ಒಂದರೊಳಗೆ ಜಾಗ ಖಾಲಿಯಾಗಬೇಕು.

"ಟೀಚರೇ, ಗುಜರಿಯವನು ಬಂದು ನೋಡಿಕೊಂಡು ಹೋದ. ಆದರೆ ಮಣಿಪಾಲದಲ್ಲಿ ಒಂದು ಟ್ರಸ್ಟಿನವರು ಬಸ್ಸುಗಳ ಮ್ಯೂಸಿಯಂ ಮಾಡ್ತಾ ಇದ್ದಾರೆ. ಅವರು ತಗೊಳ್ತಾರಂತೆ. ಒಂದೇ ಕಂಡಿಶನ್, ಬಸ್ಸು ನಮ್ಮ ಜಿಲ್ಲೆಯಲ್ಲಿ ಓಡಿದ್ದಾಗಿರಬೇಕು. ನೀವು ಅದರ ಚರಿತ್ರೆ ಬರೆದು ಕೊಡಬೇಕು."

"ಮೊದಲನೆಯದಾಗಿ, ಆಗ ನಮ್ಮ ಉಡುಪಿ ಜಿಲ್ಲೆಯೇ ಇರಲಿಲ್ಲ. ಎರಡನೆಯದಾಗಿ, ಆ ಡಬ್ಬ ಒಂದು ದಿನವೂ ಓಡಲಿಲ್ಲ."

"ಎಂತ ಟೀಚರ್, ಇಡೀ ಕಾಪು ಹೇಳ್ತದೆ ಓಡಿತ್ತು ಅಂತ! ನಿಮ್ಮ ಅಪ್ಪನೇ ಡ್ರೈವರ್ ಅಲ್ವಾ?"

ಹೌದು. ನನ್ನ ಅಪ್ಪನೇ ಡ್ರೈವರ್. ಅದಕ್ಕೇ ನನಗೆ ಗೊತ್ತು.


ಏಪ್ರಿಲ್ 13, ಭಾನುವಾರ

ಅಪ್ಪ ನಿನ್ನೆ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಾರೆ. ಎಂಬತ್ನಾಲ್ಕರ ಕಿವಿ ನಾನು ಔಷಧ ತಗೊಳ್ಳಿ ಎಂದರೆ ಕೇಳಿಸುವುದಿಲ್ಲ, ಬಸ್ಸು ಎಂದರೆ ಕೇಳಿಸುತ್ತದೆ. "ಗುಜರಿಗಾ?" ಎಂದು ಒಂದೇ ಮಾತು ಕೇಳಿದರು. ಅನ್ನ ಅರ್ಧ ಬಿಟ್ಟರು.

ಆ ಬಸ್ಸಿನ ಮೇಲೆ ನನಗೆ ದ್ವೇಷವೇನೂ ಇಲ್ಲ ಎಂದು ಬರೆಯಲು ಹೊರಟಿದ್ದೆ. ಯಾರೂ ಓದದ ಪುಸ್ತಕದಲ್ಲಿ ಸುಳ್ಳು ಬರೆದು ಯಾರನ್ನು ಮೆಚ್ಚಿಸಬೇಕು? ದ್ವೇಷ ಇದೆ. 1991ರಲ್ಲಿ ಪೆರ್ಡೂರಿನಿಂದ ನನ್ನನ್ನು ನೋಡಲು ಬಂದಿದ್ದರು. ಹುಡುಗನ ಸೋದರಮಾವ, "ಹುಡುಗಿಯ ತಂದೆಗೆ ಎಂತ ಕೆಲಸ?" ಎಂದು ಕೇಳಿದರು. ಬಸ್ ಡ್ರೈವರ್. "ಯಾವ ರೂಟು?" ಅಪ್ಪ ಬಹಳ ಪ್ರಾಮಾಣಿಕವಾಗಿ, "ಸದ್ಯಕ್ಕೆ ನಿಂತಿದೆ" ಎಂದರು. ಸದ್ಯಕ್ಕೆ ನಿಂತು ಆಗ ನಾಲ್ಕು ವರ್ಷವಾಗಿತ್ತು. ಸಾಲದ್ದಕ್ಕೆ ಅವರ ಮೈಯಿಂದ ಮೀನೆಣ್ಣೆಯ ವಾಸನೆ. ಪೆರ್ಡೂರಿನವರು ಕಾಫಿ ಲೋಟ ಕೆಳಗಿಟ್ಟು ಎದ್ದರು. "ಓಡದ ಬಸ್ಸಿನ ಡ್ರೈವರನ ಮಗಳು" ಎಂಬ ಬಿರುದು ನನಗೆ ಬಿ.ಎಡ್. ಪದವಿಗಿಂತ ಮೊದಲೇ ಸಿಕ್ಕಿತು.

ಗುಜರಿಗೆ ಹೋಗಲಿ. ನಾನೇ ಒಂದು ತೆಂಗಿನಕಾಯಿ ಒಡೆಯುತ್ತೇನೆ.


ಏಪ್ರಿಲ್ 17, ಗುರುವಾರ

ಚರಿತ್ರೆ ಬೇಕಂತೆ. ಇಲ್ಲಿದೆ, ನನ್ನ ಮಟ್ಟಿಗೆ.

ಬೊಂಬಾಯಿಯಲ್ಲಿ ಹೋಟೆಲಿಟ್ಟು ಮೇಲೆ ಬಂದ ನಮ್ಮವರು ಊರಿಗೆ ಮೊದಲು ಮಾಡುವ ಉಪಕಾರವೆಂದರೆ ತಂದೆ-ತಾಯಿಯ ಹೆಸರಿನಲ್ಲಿ ರಸ್ತೆಗೆ ಅಡ್ಡ ಒಂದು ಸ್ವಾಗತ ದ್ವಾರ. ಕರುಣಾಕರ ಶೆಟ್ರೂ ಕಟ್ಟಿಸಿದರು, ಕಾಪುವಿನಿಂದ ಕಾರ್ಕಳಕ್ಕೆ ಹೋಗುವ ಒಳರಸ್ತೆಯಲ್ಲಿ, ಅವರ ಊರಿನ ಬಾಗಿಲಿಗೆ. ಅಡ್ಡತೊಲೆಯ ಕೆಳಅಂಚಿನವರೆಗೂ ಅಕ್ಷರ ಕೆತ್ತಿಸಿದರು. ಮೇಲಿನ ಸಾಲಿನಲ್ಲಿ ಅಪ್ಪ, ಕೆಳಗಿನ ಸಾಲಿನಲ್ಲಿ ಅಮ್ಮ. ಆಮೇಲೆ ಆ ಹೆಸರುಗಳ ಅಡಿಯಿಂದ ತಮ್ಮದೇ ಬಸ್ಸು ಹೋಗಬೇಕು ಎಂಬ ಆಸೆ ಹುಟ್ಟಿತು. ಪಕ್ಕದ ಮನೆಯವರಿಗೆ ಒಂದು ಮಾಳಿಗೆಯ ಬಸ್ಸು ಎರಡು ಇದ್ದ ಕಾರಣ, ಇವರು ಎರಡು ಮಾಳಿಗೆಯದ್ದು ಒಂದು ತಂದರು.

ಶೆಟ್ರು ದಡ್ಡರಲ್ಲ. ಬಸ್ಸು ಕೊಳ್ಳುವ ಮೊದಲು ದ್ವಾರವನ್ನು ಟೇಪು ಹಿಡಿದು ಅಳೆದಿದ್ದರು. ದ್ವಾರ ಹದಿನೈದು ಅಡಿ, ಬಸ್ಸು ಹದಿನಾಲ್ಕು ಅಡಿ ಏಳು ಇಂಚು. ಸಲೀಸು. ಬಸ್ಸು ಬಂತು, ಕಾಪು–ಕಾರ್ಕಳ ಪರ್ಮಿಟಿಗೂ ಬರೆದಾಯಿತು. ಆಗ ಅವರಿಗೆ ಹೊಳೆಯಿತು, ಇಂಥ ಬಸ್ಸು ಹೊಂಡ ಬಿದ್ದ ರಸ್ತೆಯಲ್ಲಿ ಹೋಗುವುದೇ? ಓಡಾಡಿ, ಕೈಕಾಲು ಹಿಡಿದು, ರಸ್ತೆಗೆ ಹೊಸ ಜಲ್ಲಿ, ಹೊಸ ಡಾಮರು ಹಾಕಿಸಿದರು. ಎಂಟು ಇಂಚು ದಪ್ಪ! ದ್ವಾರವನ್ನು ಮತ್ತೆ ಅಳೆಯಲಿಲ್ಲ. ಕಲ್ಲಿನ ದ್ವಾರ ಕುಳ್ಳಾಗುತ್ತದೆಂದು ಯಾರಿಗೆ ಗೊತ್ತು?

ಉದ್ಘಾಟನೆಯ ದಿನ ವಾಲಗ, ಚೆಂಡುಹೂವಿನ ಮಾಲೆ, ಹೊಸ ಖಾಕಿಯಲ್ಲಿ ನನ್ನ ಅಪ್ಪ. ಬಸ್ಸು ದ್ವಾರದ ಬುಡಕ್ಕೆ ಬಂದು ನಿಂತಿತು. ಮೂರು ಇಂಚು ಹೆಚ್ಚು. ಟಯರಿನ ಗಾಳಿ ತೆಗೆದರು, ಎರಡು ಇಂಚು ತಗ್ಗಿತು. ಉಳಿದ ಒಂದು ಇಂಚಿನಲ್ಲಿ ಶೆಟ್ರ ಅಮ್ಮನ ಹೆಸರಿತ್ತು. ಯಾರೋ ಉಳಿ ತಂದರು. ಶೆಟ್ರು ಎಲ್ಲರೆದುರು ಅತ್ತುಬಿಟ್ಟರು. ಬೇರೆ ರೂಟಿನಲ್ಲಿ ಬಿಡಿ ಎಂದರೆ, ಅಪ್ಪ-ಅಮ್ಮನ ಹೆಸರಿನಡಿ ಹೋಗದ ಬಸ್ಸು ತನಗೆ ಬೇಡವೇ ಬೇಡ ಎಂದರು. ಬಸ್ಸನ್ನು ಹಿಂದಕ್ಕೆ ತಂದು ಹೆದ್ದಾರಿಯ ಜಾಗದಲ್ಲಿ ನಿಲ್ಲಿಸಿದ ಮೇಲೆ, "ಏನಾದರೂ ಮಾಡೋಣ ವಾಸು, ನೀನು ನೋಡಿಕೊಳ್ಳುತ್ತಿರು" ಎಂದು ಅಪ್ಪನಿಗೆ ಹೇಳಿ ಬೊಂಬಾಯಿ ಬಸ್ಸು ಹತ್ತಿದರು. ಒಂದು ಮಾಳಿಗೆಯ ಬಸ್ಸು.

ಅಪ್ಪ ನೋಡಿಕೊಂಡರು. ಹನ್ನೊಂದು ವರ್ಷ ಸಂಬಳಕ್ಕೆ. 98ರಲ್ಲಿ ಶೆಟ್ರು ತೀರಿಕೊಂಡ ಮೇಲೆ ಸಂಬಳ ನಿಂತಿತು. ನೋಡಿಕೊಳ್ಳುವುದನ್ನು ನಿಲ್ಲಿಸು ಎಂದು ಯಾರೂ ಹೇಳಲಿಲ್ಲವಂತೆ, ಆದ್ದರಿಂದ ಈಗಲೂ ಪ್ರತಿ ಶನಿವಾರ ಹೋಗುತ್ತಾರೆ. ನನಗೆ ಇಂಥ ವಿಧೇಯ ವಿದ್ಯಾರ್ಥಿ ಒಬ್ಬನೂ ಸಿಕ್ಕಿಲ್ಲ.


ಏಪ್ರಿಲ್ 26, ಶನಿವಾರ

ಪ್ರಖ್ಯಾತ್ ಬಿಡಲಿಲ್ಲ. ಸಾಕ್ಷಿಗಳನ್ನು ಕರೆತಂದು ಬಸ್ಸಿನ ಎದುರೇ ಕುರ್ಚಿ ಹಾಕಿದ. ನಾನು ಕೆಂಪು ಪೆನ್ನು ಹಿಡಿದುಕೊಂಡು ಕುಳಿತೆ.

ಕಾಪುವಿನಲ್ಲಿ ಬೇಕರಿ ಇಟ್ಟಿರುವ ಎಡ್ಮಂಡ್, ಐವತ್ತರ ಹತ್ತಿರದವನು, ಮೇಲಿನ ಮಾಳಿಗೆಯಲ್ಲಿ ಕುಳಿತು ಕಾರ್ಕಳಕ್ಕೆ ಹೋಗಿದ್ದಾನಂತೆ. "ಮುಂದಿನ ಸೀಟು ಟೀಚರ್. ಬೆಳ್ಮಣ್ ತಿರುವಿನಲ್ಲಿ ಬಸ್ಸು ವಾಲಿದಾಗ ಎದೆ ಧಸಕ್ ಅಂತು!" ನಿಂತ ಬಸ್ಸು ವಾಲಿದ್ದು ಭೌತಶಾಸ್ತ್ರಕ್ಕೆ ಎಡ್ಮಂಡನ ಕೊಡುಗೆ.

ಟೈಲರ್ ಆಲಿಸ್ ಮೇಲಿನ ಕಿಟಕಿಯಿಂದ ವಾಂತಿ ಮಾಡಿದ್ದಳಂತೆ, ಶಿರ್ವದ ಹತ್ತಿರ. "ಸುಳ್ಳಲ್ಲ ಟೀಚರೇ, ಇವತ್ತಿಗೂ ಆ ಸೀಟು ಕಂಡರೆ ಹೊಟ್ಟೆ ತೊಳಸ್ತದೆ." ಇನ್ನೂ ಏಳು ಜನ ಬಂದರು. ಎಲ್ಲರೂ ಮೇಲೆಯೇ ಕುಳಿತವರು. ಕೆಳಗಿನ ಮಾಳಿಗೆ ಖಾಲಿಯೇ ಓಡಿತೋ ಏನೋ.

ಅಪ್ಪ ಇದೆಲ್ಲ ನಡೆಯುವಾಗ ಬಸ್ಸಿನ ಹಿಂದೆ ಬಾಗಿಲಿನ ಕಂಬಿಗೆ ಎಣ್ಣೆ ಹಾಕುತ್ತಿದ್ದರು. ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಮನೆಗೆ ಬಂದ ಮೇಲೆ ನಾನು, "ಇವರಿಗೆಲ್ಲ ಸೊನ್ನೆ" ಎಂದೆ. ಅಪ್ಪ, "ಮಕ್ಕಳು ಪಾಪ" ಎಂದರು. ಐವತ್ತು ವರ್ಷದ ಮಕ್ಕಳು!


ಮೇ 3, ಶನಿವಾರ

ಟ್ರಸ್ಟಿನ ಕಾರ್ಯದರ್ಶಿ ಮಧ್ವರಾಜ ಆಚಾರ್ಯರು ಬಸ್ಸು ನೋಡಲು ಬಂದಿದ್ದರು. ನಿವೃತ್ತ ಪ್ರೊಫೆಸರು, ಬಿಳಿ ಪಂಚೆ. ಟಾರ್ಚು ಹಿಡಿದು ಬಸ್ಸಿನ ಅಡಿಗೆ ಅಂಗಾತ ತೂರಿಕೊಂಡರು. ಹತ್ತು ನಿಮಿಷ ಸದ್ದಿಲ್ಲ. ಹೋಗಿಯೇಬಿಟ್ಟರೇನೋ ಎಂದು ನಾನು ಬಗ್ಗಿ ನೋಡಿದೆ.

"ಕಡಲ ಬದಿಯಲ್ಲಿ ಮೂವತ್ತೆಂಟು ವರ್ಷ ನಿಂತ ಗಾಡಿಗೆ ತುಕ್ಕೇ ಇಲ್ಲ ಮಾರಾಯ್ರೆ! ಎಂತ ಹಾಕಿದ್ದೀರಿ ಇದಕ್ಕೆ?"

"ಮೀನೆಣ್ಣೆ" ಎಂದರು ಅಪ್ಪ. "ಮಲ್ಪೆಯಲ್ಲಿ ಮರದ ದೋಣಿಗೆ ಬಳೀತಾರಲ್ಲ, ಅದೇ. ಮಳೆಗಾಲಕ್ಕೆ ಮೊದಲು ಒಂದು ಸಲ, ಮಳೆ ಬಿಟ್ಟ ಮೇಲೆ ಒಂದು ಸಲ."

ಆಚಾರ್ಯರು ಪಂಚೆ ನೋಡಿಕೊಂಡರು. ಬೆನ್ನ ತುಂಬ ಬೂತಾಯಿ ಮೀನಿನ ಎಣ್ಣೆ. ಅವರ ಮುಖದಲ್ಲಿ ಧರ್ಮಕ್ಕೂ ವಿಜ್ಞಾನಕ್ಕೂ ಸ್ವಲ್ಪ ಜಗಳವಾಯಿತು, ವಿಜ್ಞಾನ ಗೆದ್ದಿತು. ಮತ್ತೆ ಅಡಿಗೆ ಹೋದರು. ಟಯರಿಗೆ ಭಾರ ಬೀಳದ ಹಾಗೆ ಅಪ್ಪ ಕೊಟ್ಟಿರುವ ಹಲಸಿನ ದಿಮ್ಮಿ, ಕಿಟಕಿಯ ರಬ್ಬರಿಗೆ ಹಚ್ಚಿದ ತೆಂಗಿನೆಣ್ಣೆ, ಇಂಜಿನಿನೊಳಗೆ ಇಲಿ ಗೂಡು ಕಟ್ಟದಂತೆ ಬಿಗಿದ ಬಲೆಯ ತುಂಡು, ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದರು. ಇದನ್ನೆಲ್ಲ ನಾನು ಇಷ್ಟು ವರ್ಷ ಗಮನಿಸಿರಲಿಲ್ಲ. ಗಮನಿಸಲೇಬೇಕಾದ ಸಂಗತಿಯೂ ಅಲ್ಲ ಬಿಡಿ. ದಿಮ್ಮಿ ಒಟ್ಟು ಆರು.


ಮೇ 4

ಅಪ್ಪನಿಗೆ ಸೊಂಟ ಹಿಡಿದಿದೆ. ಮಳೆಗೆ ಮೊದಲಿನ ಎಣ್ಣೆ ಬಳಿಯಲು ಬಾಕಿ. ಗುಜರಿಗೆ ಹೋಗುವ ಗಾಡಿಗೆ ಎಣ್ಣೆ ಯಾಕೆಂದು ಕೇಳಿದ್ದಕ್ಕೆ ಮಾತು ಬಿಟ್ಟರು. ಮಲ್ಪೆಯಿಂದ ಒಂದು ಡಬ್ಬ ತಂದೆ. ಅವರ ಕಾಟಕ್ಕೆ, ಮತ್ತೇನಿಲ್ಲ.


ಮೇ 10, ಶನಿವಾರ

ಬೆಳಗ್ಗೆಯಿಂದ ಬಸ್ಸಿನ ಅಡಿಯಲ್ಲಿದ್ದೆ. ಕೂದಲಿಗೂ ಎಣ್ಣೆ. ಎಡ್ಮಂಡ್ ಬನ್ನು, ಚಹಾ ತಂದುಕೊಟ್ಟ. ಉಪಕಾರ ತೀರಿಸಲು ಅವನನ್ನು ಸ್ವಲ್ಪ ಹಿಂಸಿಸೋಣವೆಂದು ಕೇಳಿದೆ: "ಕಾರ್ಕಳದಲ್ಲಿ ನೀನು ಇಳಿದದ್ದು ಎಲ್ಲಿ?"

"ಇಳಿಯುವುದಾ?" ಅವನು ಬನ್ನು ಹಿಡಿದುಕೊಂಡೇ ಯೋಚಿಸಿದ. "ಇಳಿದದ್ದು ಇಲ್ಲೇ ಟೀಚರ್. ಹತ್ತಿದ್ದೂ ಇಲ್ಲೇ." ಹೇಳಿದ ಮೇಲೆ ಅವನ ಮುಖ ಒಂದು ಥರವಾಯಿತು.

ಮನೆಗೆ ಬಂದು ಅಪ್ಪನನ್ನು ಹಿಡಿದುಕೊಂಡೆ. ಒಂದು ಗಂಟೆ ಪೀಡಿಸಿದ ಮೇಲೆ ಬಾಯಿ ಬಿಟ್ಟರು. ಸಂಜೆ ನಾಲ್ಕೂವರೆಗೆ ಶಾಲೆ ಬಿಟ್ಟ ಮಕ್ಕಳು ಬಂದು ಬೇಲಿಯ ಹೊರಗೆ ನಿಲ್ಲುತ್ತಿದ್ದರಂತೆ. ಇವರು ಬಾಗಿಲು ತೆರೆದು ಮೇಲೆ ಕೂರಿಸುತ್ತಿದ್ದರು. ಇಂಜಿನ್ ಸ್ಟಾರ್ಟ್ ಮಾಡಿ, ಗಂಟೆ ಬಾರಿಸಿ, ನಿಂತಲ್ಲೇ ಕಾರ್ಕಳಕ್ಕೆ ಹೊರಡುತ್ತಿದ್ದರು. ಸ್ಟಿಯರಿಂಗ್ ತಿರುಗಿಸುತ್ತಾ ಒಂದೊಂದೇ ಊರಿನ ಹೆಸರು ಕೂಗುತ್ತಿದ್ದರು. ಶಿರ್ವ, ಶಿರ್ವ! ಬೆಳ್ಮಣ್ ಇಳಿಯುವವರು ಬನ್ನಿ! ತಿರುವು ಉಂಟು, ಹಿಡಿದುಕೊಳ್ಳಿ! ಮಕ್ಕಳೆಲ್ಲ ಒಂದು ಬದಿಗೆ ವಾಲುತ್ತಿದ್ದರು. ಹನ್ನೊಂದು ವರ್ಷ, ಭಾನುವಾರ ಬಿಟ್ಟು.

"ನನಗೆ ಯಾಕೆ ಹೇಳಲಿಲ್ಲ?" ಎಂದೆ.

"ನೀನು ಆ ಬದಿಗೆ ಬರ್ತಿರ್ಲಿಲ್ಲ ಅಲ್ವಾ" ಎಂದರು. ಆಕ್ಷೇಪಣೆಯೇ ಇಲ್ಲದ ದನಿ. ಅದು ನನ್ನನ್ನು ಚುಚ್ಚಿತು. ನಾನು ಕಾಲೇಜು ಮುಗಿಸಿ ಕಾಪುವಿನ ಬಸ್ ಸ್ಟಾಪಿಗೆ ಬರುವಾಗ ಆ ಬಸ್ಸು ಕಾಣದಿರಲಿ ಎಂದು ಹೆದ್ದಾರಿಯ ಆಚೆ ಬದಿಗೆ ದಾಟಿ ಹೋಗುತ್ತಿದ್ದೆ.

ಸಾಕ್ಷಿಗಳ ಸೊನ್ನೆಗಳನ್ನೆಲ್ಲ ಹೊಡೆದು ಹಾಕಿದೆ. ಆಲಿಸಳಿಗೆ ಪೂರ್ಣ ಅಂಕ. ನಿಂತ ಬಸ್ಸಿನಲ್ಲಿ ವಾಂತಿ ಮಾಡುವಷ್ಟು ನಂಬಿಕೆ ಎಲ್ಲರಿಗೂ ಬರುವುದಿಲ್ಲ.


ಮೇ 14

ಮೇಲಿನ ಮಾಳಿಗೆಯ ಸೀಟುಗಳನ್ನು ತೊಳೆದೆ. ಇಪ್ಪತ್ತೆಂಟರಲ್ಲಿ ಮೂರರ ದಾರ ಬಿಟ್ಟಿದೆ. ಆಲಿಸ್ ಹೊಲಿದು ಕೊಡುತ್ತೇನೆ ಅಂದಳು. ಕೈಯ ಮೀನೆಣ್ಣೆ ವಾಸನೆ ಸೋಪಿಗೆ ಹೋಗಲಿಲ್ಲ. ಇರಲಿ.


ಮೇ 19, ಸೋಮವಾರ

ಇದ್ದದ್ದನ್ನು ಇದ್ದ ಹಾಗೆ ಬರೆದು ಮಣಿಪಾಲಕ್ಕೆ ಕಳಿಸಿದ್ದೆ. ದ್ವಾರ, ಡಾಮರು, ಮೀನೆಣ್ಣೆ, ನಾಲ್ಕೂವರೆಯ ಕಾರ್ಕಳ, ಎಲ್ಲ. ಒಂಬತ್ತು ಪುಟ. ಮೂವತ್ತು ವರ್ಷದಲ್ಲಿ ನಾನು ಬರೆದ ಅತ್ಯುತ್ತಮ ಗದ್ಯ ಎಂದು ನನಗೇ ಅನ್ನಿಸಿತ್ತು.

ಆಚಾರ್ಯರು ಫೋನ್ ಮಾಡಿದರು. "ಟೀಚರ್, ನನಗೆ ಕಣ್ಣಲ್ಲಿ ನೀರು ಬಂತು. ಆದರೆ ಇದನ್ನು ತೋರಿಸಿದರೆ ಕಮಿಟಿಯವರು ಕೇಳುವುದಿಲ್ಲ. ಓಡದ ಬಸ್ಸನ್ನು ನೋಡ್ಲಿಕ್ಕೆ ಯಾರು ಬರ್ತಾರೆ ಅಂತ ಕೇಳ್ತಾರೆ. ಓಡಿದ ಗಾಡಿಗೆ ಮಾತ್ರ ಜಾಗ ಅಂತ ನಿಯಮ ಉಂಟು. ಭಾನುವಾರ ಮೀಟಿಂಗ್. ಕಾಗದಪತ್ರ ಇಲ್ಲದಿದ್ದರೂ ಅಡ್ಡಿಲ್ಲ, ಡ್ರೈವರ್ ಬಂದು ಓಡಿತ್ತು ಅಂತ ಒಂದು ಮಾತು ಹೇಳಿದರೆ ಸಾಕು. ಇಲ್ಲದಿದ್ದರೆ ನನ್ನ ಕೈಯಲ್ಲಿ ಎಂತದ್ದೂ ಇಲ್ಲ."

ಅಂದರೆ ಕಣ್ಣೀರಿಗೆ ಪ್ರವೇಶ ಉಂಟು, ಬಸ್ಸಿಗೆ ಇಲ್ಲ. ಪ್ರಖ್ಯಾತ್ ಗುಜರಿಯವನಿಗೆ ಬರುವ ಸೋಮವಾರ ಬರಲು ಹೇಳಿದ್ದಾನೆ. ಗ್ಯಾಸ್ ಕಟರ್ ತರುತ್ತಾನಂತೆ. ಮೇಲಿನ ಮಾಳಿಗೆಯನ್ನು ಮೊದಲು ಕತ್ತರಿಸುವುದಂತೆ.

ರಾತ್ರಿ ಊಟಕ್ಕೆ ಮೊದಲು ಅಪ್ಪನಿಗೆ ಹೇಳಿದೆ. ಹೇಗೆ ಹೇಳಿದೆನೋ, ನಾಚಿಕೆಯಾಗುತ್ತದೆ. "ಒಂದು ಸುಳ್ಳು ಅಲ್ವಾ ಅಪ್ಪ. ಓಡಿತ್ತು ಅಂತ ಹೇಳಿಬಿಡಿ. ಊರೆಲ್ಲ ಹೇಳ್ತದೆ, ನೀವೂ ಹೇಳಿ."

ಬೊಂಬಾಯಿಯಲ್ಲಿ ಎರಡು ನಿಮಿಷ ತಡವಾದ ಬಸ್ಸನ್ನು ಸಮಯಕ್ಕೆ ಬಂತೆಂದು ಯಾವತ್ತೂ ಬರೆದುಕೊಡದ ಮನುಷ್ಯ ಅವರು. ಸಿಟ್ಟಾಗುತ್ತಾರೆಂದು ಗೊತ್ತಿತ್ತು. ಆದರೆ ಅವರು ಸಿಟ್ಟಾಗಲಿಲ್ಲ, ಗಾಬರಿಯಾದರು.

"ಓಡಿತ್ತು ಅಂತ ಹೇಳಿದರೆ, ಮತ್ತೆ ನಾನು ಮಾಡಿದ್ದು ಎಂತ ಮಗಾ? ಓಡುವ ಬಸ್ಸನ್ನು ಯಾರು ಬೇಕಾದರೂ ಓಡಿಸ್ತಾರೆ. ಓಡದ್ದನ್ನು ನಾನು ಇಟ್ಟುಕೊಂಡದ್ದು. ಅದೊಂದೇ ಅಲ್ವಾ ನನ್ನದು ಅಂತ ಇರುವುದು?"

ಎದ್ದು ಹೋಗಿ ಮಲಗಿದರು. ನನ್ನ ವ್ಯಂಗ್ಯವೆಲ್ಲ ಈಗ ಎಲ್ಲಿ ಹೋಯಿತೋ ಗೊತ್ತಿಲ್ಲ.


ಮೇ 22

ಬೇರೆ ಮೂರು ಕಡೆ ವಿಚಾರಿಸಿದೆ. ನಮ್ಮ ಶಾಲೆಯ ಹೆಡ್‌ಮಾಸ್ಟರರು, "ಆಟದ ಮೈದಾನದಲ್ಲಿ ಇಡಬಹುದಿತ್ತು, ಆದರೆ ಮತ್ತೆ ಮಕ್ಕಳು ಹತ್ತಿದರೆ?" ಎಂದರು. ಮಕ್ಕಳು ಹತ್ತುವುದು ದೊಡ್ಡ ಅನಾಹುತವೇ ಸರಿ. ಕಡಲ ಬದಿಯ ರೆಸಾರ್ಟಿನವನಿಗೆ ಒಳಗೆ ಬಾರ್ ಮಾಡಬೇಕಂತೆ. ಮೂರನೆಯವರು ಫೋನು ಎತ್ತಲಿಲ್ಲ.

ಮಳೆ ಈ ಸಲ ಅವಸರದಲ್ಲಿದೆ. ನಮ್ಮ ಬಸ್ಸಿಗೆ ಟಾರ್ಪಾಲು ಕಟ್ಟಿ ಬಂದೆ.


ಮೇ 25, ಭಾನುವಾರ

ಅಪ್ಪ ಬೆಳಗ್ಗೆ ಬಿಳಿ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕುಳಿತಿದ್ದರು. ಏನು ಹೇಳುತ್ತೀರಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಸುಳ್ಳು ಹೇಳಬೇಡಿ ಎಂದು ಮಾತ್ರ ಹೇಳಿದೆ. ತಲೆಯಾಡಿಸಿದರು. ನನಗೆ ನೆಮ್ಮದಿಯೂ ಆಯಿತು, ಎದೆಯೂ ಒಡೆಯಿತು.

ಮಣಿಪಾಲದ ಹಾಲಿನಲ್ಲಿ ಎಂಟು ಜನ ಕಮಿಟಿ. ಎಡ್ಮಂಡ್, ಆಲಿಸ್, ಇನ್ನೂ ಹತ್ತು-ಹದಿನೈದು ಮಂದಿ ಕಾಪುವಿನಿಂದ ಟೆಂಪೋ ಮಾಡಿಕೊಂಡು ಬಂದಿದ್ದರು. ಆಚಾರ್ಯರು ಪ್ರಶ್ನೆಯನ್ನು ಓದುವಾಗ ಅಪ್ಪನ ಮುಖ ನೋಡಲಿಲ್ಲ.

"ವಾಸಣ್ಣ, ಈ ಬಸ್ಸು ಕಾಪು–ಕಾರ್ಕಳ ರೂಟಿನಲ್ಲಿ ಓಡಿತ್ತಾ?"

ಅಪ್ಪ ಎದ್ದು ನಿಂತರು. ಹೊರಗೆ ಮಳೆ ಹೊಯ್ಯುತ್ತಿತ್ತು. ಅವರು ಕಮಿಟಿಯನ್ನು ನೋಡದೆ ಕಾಪುವಿನ ಮಂದಿಯ ಕಡೆಗೆ ನೋಡಿದರು.

"ಓಡಿತ್ತು" ಎಂದರು. "ದಿನಕ್ಕೆ ಎರಡು ಟ್ರಿಪ್. ಬೆಳಗ್ಗೆ ಏಳೂಕಾಲು, ಸಂಜೆ ನಾಲ್ಕೂವರೆ."

ಕಾರ್ಕಳದ ಸದಸ್ಯೆ ನರ್ಮದಾ ಅವರು ಕನ್ನಡಕ ತೆಗೆದು ಕೇಳಿದರು: "ಆ ದಾರಿಯಲ್ಲಿ ಒಂದು ದ್ವಾರ ಉಂಟಲ್ವಾ? ಅದರ ಅಡಿಯಲ್ಲಿ ಇಷ್ಟು ಎತ್ತರದ ಬಸ್ಸು ಹೋಗ್ತಿತ್ತಾ?"

"ಹೋಗ್ತಿತ್ತು ಅಮ್ಮ. ಸ್ವಲ್ಪ ತಲೆ ಬಗ್ಗಿಸಿ ಹೋಗಬೇಕಿತ್ತು."

ಇಡೀ ಹಾಲು ನಕ್ಕಿತು. ಮೂವತ್ತೆಂಟು ವರ್ಷ ಅವರನ್ನು ನೋಡಿ ನಕ್ಕವರು ಇವತ್ತು ಅವರ ಮಾತಿಗೆ ನಕ್ಕರು. ಚಪ್ಪಾಳೆ ಹೊಡೆದರು. ಶಾಲು ಮೊದಲೇ ತಂದಿಟ್ಟಿದ್ದರು, ಹೊದೆಸಿದರು.

ವಾಪಸು ಸರ್ವಿಸ್ ಬಸ್ಸಿನಲ್ಲಿ ಬಂದೆವು. ಅಪ್ಪ ಶಾಲನ್ನು ಮಡಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡಿದ್ದರು. ಉಡುಪಿ ದಾಟಿದ ಮೇಲೆ ಕೇಳಿದೆ.

"ಹೇಳುವುದಿಲ್ಲ ಅಂದಿದ್ರಿ ಅಲ್ವಾ ಅಪ್ಪ."

"ಡ್ರೈವರಿನ ಕೆಲಸ ಎಂತ? ಗಾಡಿಯನ್ನು ಡಿಪೋಗೆ ಮುಟ್ಟಿಸುವುದು. ಮುಟ್ಟಿಸಿದೆ." ಅಷ್ಟೇ ಹೇಳಿ ಕಿಟಕಿಯ ಕಡೆಗೆ ತಿರುಗಿದರು. ಅವರು ಅಳುತ್ತಿದ್ದರು. ನಾನೂ ಅತ್ತೆ. ಕಂಡಕ್ಟರ್ ಟಿಕೇಟು ಕೇಳದೆ ಮುಂದಕ್ಕೆ ಹೋದ.


ಜೂನ್ 1, ಭಾನುವಾರ

ನಿನ್ನೆ ಬಸ್ಸು ಹೋಯಿತು. ಟ್ರೇಲರ್ ಮೇಲೆ ಕಟ್ಟಿ, ಮಾಳಿಗೆಯ ನೆತ್ತಿಯಲ್ಲಿ ಇಬ್ಬರು ಕವಲು ಬಿದಿರು ಹಿಡಿದು ಕರೆಂಟಿನ ತಂತಿ ಎತ್ತುತ್ತಾ, ಕಾಪುವಿನಿಂದ ಮಣಿಪಾಲಕ್ಕೆ ಆರು ಗಂಟೆ. ಅಪ್ಪ ಟ್ರೇಲರಿನವನಿಗೆ ದಾರಿಯುದ್ದಕ್ಕೂ ಸೂಚನೆ ಕೊಟ್ಟರಂತೆ. ಅವನು ಸಹಿಸಿಕೊಂಡದ್ದೇ ದೊಡ್ಡದು.

ಬಸ್ಸಿನ ಪಕ್ಕ ಹಾಕುವ ಬೋರ್ಡನ್ನು ನಾನೇ ಬರೆಯಬೇಕಂತೆ, ಐವತ್ತು ಶಬ್ದದೊಳಗೆ. ಇವತ್ತು ಕುಳಿತು ಬರೆದೆ. "ಕಾಪು ಮತ್ತು ಕಾರ್ಕಳದ ನಡುವೆ ದಿನಕ್ಕೆರಡು ಬಾರಿ ಸಂಚರಿಸಿ, ಸಾವಿರಾರು ಪ್ರಯಾಣಿಕರ ಅಚ್ಚುಮೆಚ್ಚಿನದಾಗಿದ್ದ" ಎಂದು ಶುರುವಾಗುತ್ತದೆ. ಒಂದೂ ಕಾಗುಣಿತ ತಪ್ಪಿಲ್ಲ. ಅಪ್ಪನಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಕೇಳಿದರು.

"ಚಂದ ಉಂಟು" ಎಂದರು. ಕಣ್ಣು ತೆರೆದು, "ಆ ಡ್ರೈವರ್ ಯಾರೋ ಪುಣ್ಯವಂತ" ಎಂದರು.

ಆದ್ದರಿಂದ ಇಲ್ಲಿ ಬರೆದಿಡುತ್ತೇನೆ, ಇಲ್ಲಿ ಶಬ್ದಕ್ಕೆ ಲೆಕ್ಕವಿಲ್ಲ, ಕಮಿಟಿಯೂ ಇಲ್ಲ. ಬಸ್ಸು ಓಡಲಿಲ್ಲ. ಒಂದು ದಿನವೂ ಓಡಲಿಲ್ಲ. ನನ್ನ ಅಪ್ಪ ವಾಸು ಅದಕ್ಕೆ ಮೂವತ್ತೆಂಟು ವರ್ಷ ಮೀನೆಣ್ಣೆ ಬಳಿದರು.